ಫಂಕ್ಷನ್ ಇದೆ, ಡೇಟಾಬೇಸ್‌ಗೆ ಕಾಣ್ತಿಲ್ಲ: ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವ) ಮೇಡಂ ಜೊತೆ ಪ್ರಶ್ನೋತ್ತರ (ಕೇಳುವವರ ಹೆಸರಿನ ಬದಲು ಅವರ ಊರು ಇದೆ)

ಮದ್ದೂರು: ನಮಸ್ಕಾರ ಮೇಡಂ. ಬೆಲ್ಲದ ಮಂಡಿ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಫಂಕ್ಷನ್ (ಹೆಸರಿಟ್ಟು ಕರೆಯುವ ಲೆಕ್ಕದ ತುಣುಕು) ಬರೆದಿದ್ದೇನೆ. ಪಟ್ಟಿಯಲ್ಲಿ ಕಾಣುತ್ತದೆ, ಕರೆದರೆ ಮಾತ್ರ 'ಡಸ್ ನಾಟ್ ಎಕ್ಸಿಸ್ಟ್' ಅನ್ನುತ್ತದೆ.

ಡಿಬಿಎ ಮೇಡಂ: ಎರರ್‌ನಲ್ಲಿ ಹೆಸರಿನ ಪಕ್ಕ ಯಾವ ಟೈಪ್ (ಮೌಲ್ಯದ ಬಗೆ) ತೋರಿಸುತ್ತಿದೆ?

ಮದ್ದೂರು: ಡಬಲ್ ಪ್ರಿಸಿಷನ್. ನಾನು ಬರೆದಿದ್ದು ನ್ಯೂಮರಿಕ್‌ಗೆ.

ಡಿಬಿಎ ಮೇಡಂ: ಅದೇ ಕಾರಣ. ಹೆಸರು ಒಂದೇ ಸಾಲದು, ಟೈಪ್ ಕೂಡ ಹೊಂದಬೇಕು. ಇಂಟಿಜರ್ (ಪೂರ್ಣಾಂಕ) ಆದರೆ ತಾನೇ ನ್ಯೂಮರಿಕ್ ಆಗುತ್ತದೆ, ಡಬಲ್ ಆಗುವುದಿಲ್ಲ. ಕರೆಯುವಾಗ ನ್ಯೂಮರಿಕ್‌ಗೆ ಕ್ಯಾಸ್ಟ್ ಮಾಡಿ, ಅಂದ್ರೆ ಟೈಪ್ ಬದಲಿಸಿ.

ಹೆಬ್ಬಾಳ: ಮೈಎಸ್‌ಕ್ಯೂಎಲ್ ಹೊಸ ಸರ್ವರ್‌ಗೆ ಹಾಕಿದ ಮೇಲೆ 1305 ಎರರ್, ಫಂಕ್ಷನ್ ಇಲ್ಲ ಅಂತ. ಟೇಬಲ್ ಎಲ್ಲಾ ಬಂದಿದೆ.

ಡಿಬಿಎ ಮೇಡಂ: ಡಂಪ್ (ಡೇಟಾಬೇಸ್‌ನ ನಕಲು ಫೈಲ್) ತೆಗೆಯುವಾಗ ರೂಟೀನ್ಸ್ ಆಯ್ಕೆ ಕೊಟ್ಟಿಲ್ಲ. ಕೊಡದಿದ್ದರೆ ಫಂಕ್ಷನ್ ಬರಲ್ಲ. ಹಳೇ ಸರ್ವರ್ ಅಳಿಸಬೇಡಿ.

ಪಾಂಡವಪುರ: ಹಾಲಿನ ಸಂಘದ ಸದಸ್ಯರ ಕೋಡ್‌ನಿಂದ ಸ್ಪೇಸ್ ತೆಗೆಯುವ ಫಂಕ್ಷನ್ ಇದೆ. ಅದರ ಒಳಗೆ ಇನ್ನೊಂದು ಫಂಕ್ಷನ್. ಅದರ ಮೇಲೆ ಯೂನಿಕ್ ಇಂಡೆಕ್ಸ್, ಒಂದೇ ಕೋಡ್ ಎರಡು ಸಲ ಸೇರದಂತೆ. ಪೋಸ್ಟ್‌ಗ್ರೆಸ್ ಬ್ಯಾಕಪ್ ರಿಸ್ಟೋರ್ ಮಾಡಿದೆ. ಒಳಗಿನದು ಸಿಗಲಿಲ್ಲ ಅಂತ ಒಂದು ಎರರ್ ಬಂತು, ಉಳಿದದ್ದು ಸರಿಯಾಗಿ ಮುಗಿಯಿತು. ಬಿಟ್ಟುಬಿಡಬಹುದಾ?

ಡಿಬಿಎ ಮೇಡಂ: ಬಿಡಬೇಡಿ. ಇಲ್ಲಿ ಕೇಳಿದ್ದರಲ್ಲಿ ನನಗೆ ಭಯ ಆಗಿದ್ದು ಇದೊಂದೇ.

ಪೋಸ್ಟ್‌ಗ್ರೆಸ್‌ನಲ್ಲಿ 2018ರ ಸೆಕ್ಯುರಿಟಿ ತಿದ್ದುಪಡಿ ಆದಮೇಲೆ ಡಂಪ್ ಫೈಲ್ ಶುರುವಿನಲ್ಲೇ ಸರ್ಚ್ ಪಾತ್ (ಡೇಟಾಬೇಸ್ ಒಳಗಿನ ಯಾವ ಸ್ಕೀಮಾ, ಅಂದ್ರೆ ವಿಭಾಗದಲ್ಲಿ ಹುಡುಕಬೇಕೆಂಬ ಪಟ್ಟಿ) ಖಾಲಿ ಮಾಡುತ್ತದೆ. ಹೊರಗಿನ ಫಂಕ್ಷನ್ ಅನ್ನು ಡಂಪ್ ಸ್ಕೀಮಾ ಹೆಸರು ಸೇರಿಸಿ ಕರೆಯುತ್ತದೆ, ಸಿಗುತ್ತದೆ. ಅದರ ಒಳಗೆ ನೀವು ಬರೆದದ್ದು ಬರೀ ಹೆಸರು. ಪಾತ್ ಖಾಲಿ ಇದ್ದರೆ ಎಲ್ಲಿ ಹುಡುಕಬೇಕು? ಫಂಕ್ಷನ್ ಮಾಡುವಾಗ ಡಂಪ್ ಅದರ ಒಳಗಿನ ಸಾಲು ಪರೀಕ್ಷಿಸುವುದಿಲ್ಲ. ಡೇಟಾ ತುಂಬಿ, ಇಂಡೆಕ್ಸ್ ಕಟ್ಟುವಾಗ ಎಡವುತ್ತದೆ. ಅಂದ್ರೆ ನಿಮ್ಮ ಹೊಸ ಡೇಟಾಬೇಸ್‌ನಲ್ಲಿ ಯೂನಿಕ್ ಇಂಡೆಕ್ಸೇ ಇರಲಿಕ್ಕಿಲ್ಲ. ಒಬ್ಬ ರೈತನ ಹಾಲು ಎರಡು ಖಾತೆಗೆ ಹೋದರೂ ತಡೆಯುವವರಿಲ್ಲ.

ಒಳಗಿನ ಹೆಸರಿಗೂ ಸ್ಕೀಮಾ ಸೇರಿಸಿ. ಇಲ್ಲಾಂದ್ರೆ ಆಲ್ಟರ್ ಫಂಕ್ಷನ್ ಕೊಟ್ಟು ಸರ್ಚ್ ಪಾತ್ ಅನ್ನು ಫಂಕ್ಷನ್‌ಗೇ ಕಟ್ಟಿಬಿಡಿ. ಹಳೇ ಡೇಟಾಬೇಸ್‌ನಲ್ಲಿ ಮಾಡಿ, ಮತ್ತೆ ಡಂಪ್ ತೆಗೆಯಿರಿ. ಪೋಸ್ಟ್‌ಗ್ರೆಸ್ 17ನೇ ಆವೃತ್ತಿಯಿಂದ ರೀಇಂಡೆಕ್ಸ್‌ಗೂ (ಇಂಡೆಕ್ಸ್ ಮತ್ತೆ ಕಟ್ಟುವುದಕ್ಕೂ) ಇದೇ ಬಿಗಿ ಇದೆ.

ವಿಜಯನಗರ: ಫಾರ್ವರ್ಡ್ ಬಂದಿದೆ ನೋಡಿ: "ಯೂಸರ್‌ಗೆ ಸೂಪರ್‌ಯೂಸರ್ (ಎಲ್ಲಾ ಹಕ್ಕು) ಕೊಡಿ, ಎಲ್ಲಾ ಫಂಕ್ಷನ್ ಸಿಗುತ್ತದೆ."

ಡಿಬಿಎ ಮೇಡಂ: ದಯವಿಟ್ಟು ಇದನ್ನು ಹಂಚಬೇಡಿ. ಸ್ಕೀಮಾ ಮೇಲೆ ಯೂಸೇಜ್ (ಬಳಸುವ) ಹಕ್ಕಿಲ್ಲದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಸುಮ್ನೆ ದಾಟಿಹೋಗುತ್ತದೆ. ಆಗ ಯೂಸೇಜ್ ಕೊಟ್ಟರೆ ಸಾಕು. ಬಾಗಿಲಿನ ಚಿಲಕ ಸರಿಮಾಡಲು ಮನೆ ಪತ್ರ ಬರೆದುಕೊಡುತ್ತೀರಾ?

ಕುವೆಂಪುನಗರ: ಲೆಕ್ಕವನ್ನು ಡೇಟಾಬೇಸ್ ಒಳಗೆ ಇಟ್ಟಿದ್ದೇ ತಪ್ಪು. ಆ್ಯಪ್ ಕೋಡ್‌ನಲ್ಲಿ ಬರೆಯಿರಿ.

ಹೆಬ್ಬಾಳ: ಮೂರು ಆ್ಯಪ್ ಒಂದೇ ಡೇಟಾಬೇಸ್ ಬಳಸಿದರೆ ಮೂರು ಕಡೆ ಬರೆಯಬೇಕಾ?

ಕುವೆಂಪುನಗರ: ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಈ ಗೋಳೇ ಇಲ್ಲ.

ಹೆಬ್ಬಾಳ: ಅಲ್ಲಿ ಮುಂದೆ ಡಿಬಿಒ (ಅಲ್ಲಿನ ಸ್ಕೀಮಾ ಹೆಸರು) ಹಾಕದೆ ನಿಮ್ಮ ಸ್ಕೇಲಾರ್ (ಒಂದೇ ಮೌಲ್ಯ ಕೊಡುವ) ಫಂಕ್ಷನ್ ಕರೆದು ನೋಡಿ, ಆಮೇಲೆ ಮಾತಾಡಿ.

ಶ್ರೀರಂಗಪಟ್ಟಣ: ಒರಾಕಲ್‌ನಲ್ಲಿ ಬೇರೆ ಯೂಸರ್‌ನ ಫಂಕ್ಷನ್‌ಗೆ ಸಿನೋನಿಮ್ (ಅಡ್ಡಹೆಸರು) ಬೇಕಾ ಮೇಡಂ?

ಕುವೆಂಪುನಗರ: ನಿಮ್ಮಂಥವರಿಗೆ ಹೇಳಿ ಪ್ರಯೋಜನ ಇಲ್ಲ ಬಿಡಿ.

ನಂಜನಗೂಡು: ಮೈಎಸ್‌ಕ್ಯೂಎಲ್ 1305 ಅಂದ್ರೆ ಏನು?

ಡಿಬಿಎ ಮೇಡಂ: ಮೇಲೆ ಓದಿ.

ವಿಜಯನಗರ: ಸೂಪರ್‌ಯೂಸರ್ ಕೊಟ್ಟೆ, ಕೆಲಸ ಮಾಡ್ತಿದೆಯಲ್ಲ!

ಡಿಬಿಎ ಮೇಡಂ: ತೆಗೆಯಿರಿ. ಈಗಲೇ. ಜಗಳ ಆಡುವವರು ಬೇರೆ ಕಡೆ ಆಡಿ. ಪಾಂಡವಪುರದವರು ಎಲ್ಲಿ? ಇಂಡೆಕ್ಸ್ ನೋಡಿದಿರಾ?

ಪಾಂಡವಪುರ: ಇಲ್ಲ ಮೇಡಂ, ಇಂಡೆಕ್ಸ್ ಇಲ್ಲ. ಬೆಳಗಿನ ಎಂಟ್ರಿಯಲ್ಲಿ ಒಂದು ಕೋಡ್ ಎರಡು ಸಲ ಸೇರಿದೆ.

ಡಿಬಿಎ ಮೇಡಂ: ಸಂಜೆ ಎಂಟ್ರಿ ನಿಲ್ಲಿಸಿ, ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೊದಲು ಎರಡು ಸಲ ಸೇರಿದ ಸಾಲು ಸರಿಮಾಡಿ, ಆಮೇಲೆ ಫಂಕ್ಷನ್, ಆಮೇಲೆ ಇಂಡೆಕ್ಸ್. ಎರರ್ ಬಂದರೆ ಪೂರ್ತಿ ಸಾಲು ಇಲ್ಲಿ ಹಾಕಿ.