ಸಹಾಯ ಬೇಕು: ಅಮ್ಮನ ಚಿಕಿತ್ಸೆ ಖರ್ಚು ದಶಮಾಂಶಕ್ಕೆ ಸೇರುತ್ತಾ?

ಕೈಗೆ ಬರುವ ಸಂಬಳ 24,000. ಮೊದಲ ತಿಂಗಳಿಂದಲೂ ದಶಮಾಂಶ, ಅಂದರೆ ದೇವರಿಗೆಂದು ಕೊಡುವ ಹತ್ತನೇ ಒಂದು ಪಾಲು, ಅಂತ 2,400 ಎತ್ತಿಟ್ಟು ಚರ್ಚಿನ ಕವರಿಗೆ ಹಾಕುತ್ತಿದ್ದೆ. ಈಗ ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಟೋ, ಔಷಧಿ ಎಲ್ಲಾ ಸೇರಿ ತಿಂಗಳ ಕೊನೆಗೆ ಕೈಸಾಲ. ಹೋದ ತಿಂಗಳು 500 ಹಾಕಿ, ಕವರಿನ ಮೇಲೆ ಮೊತ್ತ ಬರೆಯದೆ ಕೊಟ್ಟೆ. ಸುಳ್ಳೇಕೆ, ನಾಚಿಕೆಯಾಯ್ತು.

ಪಾಸ್ಟರನ್ನು ಕೇಳಿದೆ. ಬೈಬಲಿನ ಮಲಾಕಿಯ 3:10 ತೋರಿಸಿ, ಹತ್ತರಲ್ಲಿ ಒಂದು ಪಾಲು ದೇವರದ್ದು ಅಂದರು. ಆದರೆ 2 ಕೊರಿಂಥ 9:7ರಲ್ಲಿ ಬಲವಂತಕ್ಕೆ ಕೊಡಬೇಡಿ ಅಂತಿದೆ ಅಲ್ವಾ? ಮಾರ್ಕ 7ರಲ್ಲಂತೂ ‘ಕೊರ್ಬಾನ್’ (ಇದು ದೇವರಿಗೆ ಅರ್ಪಿಸಿದ್ದು) ಎಂದು ಹೇಳಿ ಹೆತ್ತವರಿಗೆ ಕೊಡದಿರುವುದನ್ನೇ ಯೇಸುಸ್ವಾಮಿ ಖಂಡಿಸಿದ್ದಾರೆ.

ಅಮ್ಮನಿಗೆ ಖರ್ಚಾಗುವ ಹಣವನ್ನು ದಶಮಾಂಶದಲ್ಲೇ ಲೆಕ್ಕ ಹಿಡಿಯಬಹುದಾ? ಇಲ್ಲಾ ಅದು ಬೇರೆ, ಇದು ಬೇರೆಯಾ? ಇಂಥ ಸ್ಥಿತಿಯಲ್ಲಿದ್ದವರು ನೀವೇನು ಮಾಡಿದಿರಿ?