ಅಪ್‌ಡೇಟ್: ನನ್ನ ವಿಪ್‌ಟೇಲ್ ಮೀನು ತಿನ್ನಲಿಕ್ಕತ್ತಾವ

ಎಲ್ಲಾರಿಗೂ ಶರಣ್ರಿ. ಹೋದ ತಿಂಗಳು ಕೇಳಿದ್ದೆನಲ್ಲ, ಮೂರು ಫೂಟಿನ ಟ್ಯಾಂಕಿನಾಗ ಎರಡು ವಿಪ್‌ಟೇಲ್ ಕ್ಯಾಟ್‌ಫಿಶ್ (ಚಾಟಿಯಂಥ ಉದ್ದ ಬಾಲದ, ತಳದಾಗ ಇರೋ ಮೀನು) ಹೊಟ್ಟಿ ಒಳಗ ಹೋಗ್ಯಾವ, ಏನು ಹಾಕಿದ್ರೂ ಮುಟ್ಟವಲ್ಲವು ಅಂತ. ನೀವು ಹೇಳಿದಂಗ ಚೂಪಾದ ಜಲ್ಲಿ ತೆಗೆದು, ಸಣ್ಣ ಉಸುಕು ತಿಳಿನೀರು ಬರೋತನಕ ತೊಳೆದು ಹಾಸೀನಿ. ತಳಕ್ಕ ಹೊಟ್ಟಿ ಹಚ್ಚಿ ಇರೋ ಮೀನಿಗೆ ಆ ಜಲ್ಲಿ ಎಷ್ಟು ಚುಚ್ಚಿರಬೇಕು, ನೆನೆಸಿದ್ರ ಈಗೂ ಸಂಕಟ ಆಗ್ತದ.

ಇನ್ನೊಂದು ತಪ್ಪು ನಾನು ನಿಮಗ ಹೇಳೇ ಇರಲಿಲ್ಲ. ಅಡಗಲಿಕ್ಕೆ ಜಾಗ ಇರಲಿ ಅಂತ ಶಹಾಬಾದ್ ಕಲ್ಲಿನ ತುಂಡು ಇಟ್ಟಿದ್ದೆ. ಅದು ಸುಣ್ಣದಕಲ್ಲು. ಹೊರಗ ತೆಗೆದು ವಿನೆಗರ್ ಹನಿ ಹಾಕಿದೆ, ಸಣ್ಣ ಸಣ್ಣ ಗುಳ್ಳಿ ಎದ್ದವು. ಅಂಥ ಕಲ್ಲು ನೀರಾಗ ಕರಗಿ ಗಡಸುತನ ಹೆಚ್ಚು ಮಾಡ್ತದ. ಮೊದಲೇ ನಮ್ಮ ಬೋರಿನ ನೀರು ಗಡಸು, ಮೀನು ನೋಡಿದ್ರ ದಕ್ಷಿಣ ಅಮೆರಿಕದ ಮೆದು ನೀರಿನ ನದಿಗಳದು. ಕಲ್ಲಿನ ಬದಲಿ ಕಟ್ಟಿಗಿ, ಪಿವಿಸಿ ಪೈಪು ಇಟ್ಟೀನಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಲವಣ ತೆಗೆದ ಆರ್‌ಓ ಫಿಲ್ಟರ್ ನೀರು ಬೆರೆಸ್ತೀನಿ, ಒಮ್ಮೆಲೇ ಅಲ್ಲ, ಸ್ವಲ್ಪ ಸ್ವಲ್ಪ.

ಕಲಬುರಗಿ ಬಿಸಿಲು ಗೊತ್ತಲ್ರಿ, ಟ್ಯಾಂಕಿನ ನೀರು 33 ಡಿಗ್ರಿ ಮುಟ್ಟಿತ್ತು. ಮುಚ್ಚಳ ತೆಗೆದು ಜಾಳಗಿ ಹಾಕಿ, ಮ್ಯಾಲೆ ಸಣ್ಣ ಫ್ಯಾನ್ ಹಚ್ಚಿದ ಮ್ಯಾಲೆ 29ಕ್ಕ ಇಳಿದದ. ಬಿಸಿ ನೀರಿನಾಗ ಆಕ್ಸಿಜನ್ ಕಮ್ಮಿ, ಅದಕ್ಕ ಏರ್ ಪಂಪ್ ಬಂದೇ ಮಾಡಂಗಿಲ್ಲ.

ನಿನ್ನೆ ರಾತ್ರಿ ಲೈಟ್ ಆರಿಸಿ, ಬಿಸಿನೀರಾಗ ಬಾಡಿಸಿದ ಸೌತೆಕಾಯಿ ಹೋಳು ಬಿಟ್ಟಿದ್ದೆ. ಒಂದು ತಾಸಿಗೆ ಮೊಬೈಲ್ ಬೆಳಕು ಮಂದ ಮಾಡಿ ನೋಡಿದ್ರ, ದೊಡ್ಡದು ಹೋಳಿಗೆ ಬಾಯಿ ಕಚ್ಚಿ ಕೂತಿತ್ತು, ಬಾಲದ ತುದಿಯ ಎಳೆ ಅಲುಗಾಡ್ತಿತ್ತು. ಕೆನ್ನಿ ಮ್ಯಾಲೆ ಬಿರುಗೂದಲು ಕಂಡವು, ಗಂಡೇ ಇರಬೇಕು. ಬೆಳಿಗ್ಗೆ ಸಿಪ್ಪಿ ಅಷ್ಟೇ ಉಳಿದಿತ್ರಿ.