ನಾಯಿಯ ಸ್ಪೇ (ಸಂತಾನಹರಣ) ಆಪರೇಶನ್‌ಗೆ ನೋವು ನಿವಾರಕ ಬ್ಯುಟಾರ್ಫನಾಲ್ ಸಾಕಾಗುತ್ತಾ?

ಪ್ರಶ್ನೆ:
12 ಕೆ.ಜಿ. ಹೆಣ್ಣುನಾಯಿ, ಬೇರೆ ಕಾಯಿಲೆ ಇಲ್ಲ. ಸೈಲಜೀನ್ (ಮಂಪರಿನ ಔಷಧ) ಜೊತೆ ಬ್ಯುಟಾರ್ಫನಾಲ್ 0.2 ಮಿ.ಗ್ರಾಂ/ಕೆ.ಜಿ. ಸ್ನಾಯುವಿಗೆ, ನಂತರ ಪ್ರೊಪೊಫಾಲ್ (ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್), ಐಸೊಫ್ಲುರೇನ್ (ಅರಿವಳಿಕೆ ಅನಿಲ). ಮಂಪರು ಚೆನ್ನಾಗೇ ಬರುತ್ತೆ. ಆದರೆ ಅಂಡಾಶಯ ಎಳೆಯುವಾಗ ಹೃದಯಬಡಿತ ಏರಿ, ಉಸಿರು ಜೋರಾಗುತ್ತೆ. ಡೋಸ್ ಹೆಚ್ಚಿಸಲಾ?

ಉತ್ತರ 1:
ಹೆಚ್ಚಿಸಿ ಪ್ರಯೋಜನವಿಲ್ಲ. ಬ್ಯುಟಾರ್ಫನಾಲ್ ಕೆಲಸ ಮಾಡೋದು ಕಪ್ಪಾ ರಿಸೆಪ್ಟರ್ (ನರಕೋಶದಲ್ಲಿ ಔಷಧ ಅಂಟಿಕೊಳ್ಳೋ ಜಾಗ) ಮೇಲೆ, ನೋವು ತಗ್ಗಿಸೋದರಲ್ಲಿ ಮುಖ್ಯವಾದ ಮ್ಯೂ ರಿಸೆಪ್ಟರನ್ನು ಅದು ತಡೆಯುತ್ತೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟು ಕೊಟ್ಟರೂ ನೋವು ಇನ್ನಷ್ಟು ಕಡಿಮೆಯಾಗಲ್ಲ, ಆಗಿದ್ದೂ ಗಂಟೆಯೊಳಗೆ ಇಳಿದುಹೋಗುತ್ತೆ. ಎಕ್ಸ್‌ರೇ, ಡ್ರೆಸ್ಸಿಂಗ್‌ಗೆ ಒಳ್ಳೇ ಔಷಧ. ಹೊಟ್ಟೆ ತೆರೆಯೋಕೆ ಅಲ್ಲ.

ಬ್ಯುಪ್ರೆನಾರ್ಫಿನ್ ಅನ್ನೋ ನೋವು ನಿವಾರಕಕ್ಕೆ ಬದಲಿಸಿ. 0.02 ಮಿ.ಗ್ರಾಂ/ಕೆ.ಜಿ. ಅಂದ್ರೆ ಈ ನಾಯಿಗೆ 0.24 ಮಿ.ಗ್ರಾಂ, 0.3 ಮಿ.ಗ್ರಾಂ/ಮಿ.ಲೀ. ಆಂಪ್ಯೂಲಲ್ಲಿ 0.8 ಮಿ.ಲೀ. ಎಡವೋದು ಸಮಯದಲ್ಲಿ: ಚುಚ್ಚಿ ಹತ್ತೇ ನಿಮಿಷಕ್ಕೆ ಟೇಬಲ್ ಮೇಲೆ ಮಲಗಿಸ್ತಾರೆ. 30-45 ನಿಮಿಷ ಬಿಡಬೇಕು. ಇದರಿಂದ ಮಂಪರು ಕಮ್ಮಿ, ಹಾಗಾಗಿ ಸೈಲಜೀನ್ ಬಿಡಬೇಡಿ.

ಉತ್ತರ 2:
ಒಂದು ಎಚ್ಚರಿಕೆ. ಬ್ಯುಪ್ರೆನಾರ್ಫಿನ್ ಮ್ಯೂ ರಿಸೆಪ್ಟರನ್ನು ಬಿಗಿಯಾಗಿ ಹಿಡಿಯುತ್ತೆ. ಆಪರೇಶನ್ ನಡುವೆ ಫೆಂಟಾನಿಲ್ (ಮ್ಯೂ ಮೇಲೇ ಕೆಲಸ ಮಾಡೋ ಪ್ರಬಲ ನೋವು ನಿವಾರಕ) ಬೇಕಾದರೆ ಅದರ ಪರಿಣಾಮ ಸರಿಯಾಗಿ ಸಿಗದಿರಬಹುದು. ಕಷ್ಟದ ಆಪರೇಶನ್ ಅಂತ ಮೊದಲೇ ಗೊತ್ತಿದ್ದರೆ ಮಾರ್ಫಿನ್ 0.3-0.5 ಮಿ.ಗ್ರಾಂ/ಕೆ.ಜಿ. ಸ್ನಾಯುವಿಗೆ. ವಾಂತಿ ಮಾಡಿಸುತ್ತೆ, ಹಾಗಾಗಿ ಅನ್ನನಾಳದಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ, ಕಣ್ಣಿಗೆ ಆಳದ ಗಾಯವಿದ್ದರೆ ಬೇಡ. ರಕ್ತನಾಳಕ್ಕೆ ಸರ್ರನೆ ಕೊಟ್ಟರೆ ಹಿಸ್ಟಮಿನ್ (ರಕ್ತನಾಳ ಹಿಗ್ಗಿಸೋ ರಾಸಾಯನಿಕ) ಬಿಡುಗಡೆಯಾಗಿ ಬಿಪಿ ಕುಸಿಯುತ್ತೆ. ಮಾಸ್ಟ್ ಸೆಲ್ ಗಡ್ಡೆ (ಹಿಸ್ಟಮಿನ್ ತುಂಬಿದ ಕೋಶಗಳ ಗಡ್ಡೆ) ಇರೋ ನಾಯಿಗೆ ಕೊಡಲೇಬೇಡಿ.

ಪ್ರಶ್ನೆ ಕೇಳಿದವರು:
ಮಾರ್ಫಿನ್ ಸಿಗೋದೇ ಕಷ್ಟ ಸರ್. ಟ್ರಾಮಡಾಲ್ ಆಗಲ್ವಾ?

ಉತ್ತರ 3:
ನಂಬಬೇಡಿ. ಮನುಷ್ಯರಲ್ಲಿ ಟ್ರಾಮಡಾಲ್‌ನಿಂದ ಹುಟ್ಟೋ, ನೋವು ತಗ್ಗಿಸೋ ಎಂ1 ಅಂಶ ನಾಯಿಯಲ್ಲಿ ತೀರಾ ಕಮ್ಮಿ.

ಬ್ಯುಪ್ರೆನಾರ್ಫಿನ್ ಜೊತೆ, ಕ್ಲ್ಯಾಂಪ್ ಹಾಕೋ ಮುಂಚೆ ಎರಡೂ ಅಂಡಾಶಯದ ಪೆಡಿಕಲ್‌ಗೆ (ರಕ್ತನಾಳವಿರೋ ತೊಟ್ಟು) 2% ಲಿಗ್ನೊಕೇನ್ (ಮರಗಟ್ಟಿಸೋ ಔಷಧ) ತಲಾ 1 ಮಿ.ಲೀ. ಹಾಕಿ, ಒಂದೆರಡು ನಿಮಿಷ ಕಾಯಿರಿ. ಚುಚ್ಚೋ ಮುನ್ನ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತಾ ನೋಡಿ. ನೀವು ಹೇಳಿದ ಏರಿಕೆ ತಗ್ಗೋದು ಹೆಚ್ಚಾಗಿ ಇದರಿಂದಲೇ.

ಪ್ರೊಪೊಫಾಲ್ ಲೆಕ್ಕ ಹಾಕಿದ್ದಷ್ಟನ್ನೂ ಒಟ್ಟಿಗೆ ಒತ್ತಬೇಡಿ. ಕಾಲು ಭಾಗ ಕೊಟ್ಟು 30 ಸೆಕೆಂಡ್ ನೋಡಿ; ಪ್ರೀಮೆಡಿಕೇಶನ್ ಆದ (ಮೊದಲೇ ಮಂಪರು, ನೋವಿನ ಔಷಧ ಕೊಟ್ಟ) ನಾಯಿಗೆ ಬಹಳ ಕಮ್ಮಿ ಸಾಕು, ಅವಸರ ಮಾಡಿದರೆ ಉಸಿರು ನಿಲ್ಲುತ್ತೆ. ಟ್ಯೂಬ್, ಆಕ್ಸಿಜನ್ ಕೈಯಳತೆಯಲ್ಲಿರಲಿ. ಹೃದಯಬಡಿತ ಇಳಿದ ಕೂಡಲೇ ಅದನ್ನು ಏರಿಸೋ ಅಟ್ರೊಪಿನ್ ಬೇಡ, ಮೊದಲು ಬಿಪಿ ನೋಡಿ. ಸೈಲಜೀನ್‌ನಿಂದ ಬಿಪಿ ಏರಿರುವಾಗ ಅಟ್ರೊಪಿನ್ ಕೊಟ್ಟರೆ ಹೃದಯಕ್ಕೆ ಇನ್ನಷ್ಟು ಹೊರೆ.